ಎಡಗೈಯ ಬನ್ನಿ

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಜಪ ಕಡಿಮೆ, ಕೆಲಸ ಜಾಸ್ತಿ.

ಮೋಕ್ಷ ಬೇಕು ಅಂತ ಬಂದವರ ಕೈಗೆ ಆಶ್ರಮದ ಗುರು ಮಾಲಿಂಗಜ್ಜ ಮೊದಲು ಒಂದು ಒನಕೆ ಕೊಡುತ್ತಿದ್ದರು. ಹಳೇ ಬಟ್ಟೆ ಕುಟ್ಟಿ ಕಾಗದ ಮಾಡಬೇಕಿತ್ತು. ಅರ್ಧ ಜನ ಒನಕೆ ನೋಡಿಯೇ ವಾಪಸ್ಸು ಹೋಗುತ್ತಿದ್ದರು.

ಉಳಿದವರು ಕಾಗದ ಮಾಡಿ, ಒಣಗಿಸಿ, ಅದರ ಮೇಲೆ ಮರದ ಅಚ್ಚು ಒತ್ತಿ ಹಬ್ಬದ ಕಾರ್ಡು ಮಾಡುತ್ತಿದ್ದರು. ಯುಗಾದಿಗೆ ಬೇವು, ದೀಪಾವಳಿಗೆ ಹಣತೆ, ದಸರೆಗೆ ಬನ್ನಿ. ಸುತ್ತಲ ಊರಿನವರು ಬಂದು ಕೊಳ್ಳುತ್ತಿದ್ದರು. ಆಶ್ರಮದ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಕೊಟ್ರೇಶಿ ಅಲ್ಲಿಗೆ ಬಂದು ಏಳು ವರ್ಷವಾಗಿತ್ತು. ವಯಸ್ಸು ನಲವತ್ತರ ಹತ್ತಿರ. ಅಚ್ಚು ಒತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸವೆದ ಅಚ್ಚಿನ ಅಕ್ಷರ ತಿದ್ದುವುದೂ ಗೊತ್ತಿತ್ತು. ಆದರೆ ಇಷ್ಟು ವರ್ಷದಲ್ಲಿ ತನ್ನದು ಅಂತ ಒಂದೇ ಒಂದು ಅಚ್ಚನ್ನೂ ಅವನು ಕೆತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಹೊಸ ಅಚ್ಚಿನ ಮೊದಲ ಕಾರ್ಡನ್ನು ಅಲ್ಲಿ ಮಾರುವ ಹಾಗಿರಲಿಲ್ಲ. ಕೆತ್ತಿದವನು ಅದನ್ನು ತನ್ನವರಿಗೆ ಕಳಿಸಬೇಕು. ಅದು ಆಶ್ರಮದ ಪದ್ಧತಿ.

"ನಿನ್ನವರು ಅಂತ ಯಾರೂ ಇಲ್ಲವೇನೋ?" ಅಂತ ಅಜ್ಜ ಒಮ್ಮೆ ಕೇಳಿದ್ದರು.

"ಇದ್ದಾಳೆ. ಅಕ್ಕ."

"ಮತ್ತೇನು?"

"ಅವಳಿಗೂ ನನಗೂ ಮಾತಿಲ್ಲ ಅಜ್ಜಾರೇ."

"ಮಾತಿಲ್ಲದವರಿಗೇ ಕಣೋ ಕಾರ್ಡು. ಮಾತಿದ್ದವರಿಗೆ ಯಾಕೆ?"

ಕೊಟ್ರೇಶಿ ಅಚ್ಚು ತೊಳೆಯುವ ನೆಪ ಮಾಡಿಕೊಂಡು ಹೊಳೆಗೆ ಹೋಗಿದ್ದ.

ಅಕ್ಕನ ಜೊತೆ ಮಾತು ನಿಂತ ಕಥೆ ಇದು.

ಅವ್ವ ತೀರಿಕೊಂಡಾಗ ಅವನಿಗೆ ಆರು ವರ್ಷ. ಹದಿನೆಂಟರ ಅಕ್ಕ ಸರ್ವಕ್ಕನೇ ತುತ್ತಿಟ್ಟು ಬೆಳೆಸಿದಳು. ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ಬಟ್ಟೆ ಗಂಟಿನ ಜೊತೆ ತಮ್ಮನನ್ನೂ ಕರೆದುಕೊಂಡು ಹೋದಳು.

ಮುಂದೆ ಅವನ ಮದುವೆಯ ಮಾತಿಗೆ ಹೆಣ್ಣಿನ ಕಡೆಯವರು ಬಂದರು. ಹೋಳಿಗೆ ಊಟ. ಪಂಕ್ತಿಯಲ್ಲಿ ಎಲ್ಲರಿಗೂ ಪಕ್ಕದ ಮನೆಯವರು ಬಡಿಸಿದರು. ತಮ್ಮನ ಎಲೆಗೆ ಮಾತ್ರ ಅಕ್ಕ ತಾನೇ ಬಂದು ಹೋಳಿಗೆ ಹಾಕಿದಳು. ಎಡಗೈಯಲ್ಲಿ ಹಾಕಿದಳು.

"ಎಡಗೈಲಿ ಹಾಕ್ತೀಯಲ್ಲ, ನಾನೇನು ಬಾಗಿಲು ಕಾಯೋ ನಾಯೇನೇ?"

ಬೀಗರಾಗುವವರ ಎದುರಿಗೇ ಹಾಗಂದು ಎಲೆ ಮಡಚಿ ಎದ್ದ. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅವನು ನಿಲ್ಲಲಿಲ್ಲ. ಸಿಟ್ಟು ಬಂದವನಿಗೆ ಕಿವಿ ಎಲ್ಲಿರುತ್ತೆ? ಹೆಣ್ಣಿನವರು ಬಂದ ದಾರಿಯಲ್ಲೇ ಹೋದರು. ಅವನು ಊರನ್ನೇ ಬಿಟ್ಟ.

ಆರು ತಿಂಗಳ ಮೇಲೆ ಒಂದು ಸಂತೆಯಲ್ಲಿ ಊರಿನವನೊಬ್ಬ ಸಿಕ್ಕಿ ನಡೆದದ್ದನ್ನು ಹೇಳಿದ. ಅವತ್ತು ಬೆಳಿಗ್ಗೆ ಹೋಳಿಗೆಗೆ ಬೇಳೆ ಬಸಿಯುವಾಗ ಕುದಿಯುವ ನೀರು ಸರ್ವಕ್ಕನ ಬಲಗೈ ಮೇಲೆ ಬಿದ್ದಿತ್ತಂತೆ. ಒಳ್ಳೇ ಕಾರ್ಯದ ದಿನ ಅಳಬಾರದು ಅಂತ ಕೈಗೆ ಬಟ್ಟೆ ಸುತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು, ಯಾರಿಗೂ ಹೇಳದೆ ಅಡುಗೆ ಮುಗಿಸಿದಳಂತೆ. ಕೊಟ್ರೇಶಿಗೆ ಮಾತ್ರ ನಾನೇ ಬಡಿಸಬೇಕು ಅಂತ ಹಟ ಹಿಡಿದಿದ್ದಳಂತೆ.

ಕೇಳಿದ ದಿನವೇ ಹೋಗಿ ಕಾಲು ಹಿಡಿಯಬಹುದಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಅಂದುಕೊಂಡ. ಸುಟ್ಟ ಗಾಯ ತಾನೇ, ಮಾಯುತ್ತೆ ಅಂದುಕೊಂಡ. ಇವತ್ತು ನಾಳೆ ಅಂತ ದಿನ ತಳ್ಳುತ್ತ ಆಶ್ರಮ ಸೇರಿಕೊಂಡ.

ದಿನಕ್ಕೆ ಇನ್ನೂರು ಕಾರ್ಡು ಒತ್ತುತ್ತಿದ್ದ. ಇನ್ನೂರು ಸಲ ಒಳ್ಳೇ ಮಾತು. ಯಾರ್ಯಾರದೋ ಮನೆಗೆ ಹೋಗುವ ಮಾತು ಅಂತಲೇ ಅವನು ತಿಳಿದಿದ್ದ.

ಆ ವರ್ಷ ದಸರೆಗೆ ಇನ್ನು ಹದಿನೈದು ದಿನ ಇರುವಾಗ ಅವನು ಹಳೆಯ ಬನ್ನಿ ಅಚ್ಚನ್ನು ಒತ್ತುತ್ತ ಕೂತಿದ್ದ. ಒಂದು ಬನ್ನಿ ಕೊಂಬೆ, ಅದರ ಕೆಳಗೆ ಒಂದು ಸಾಲು. 'ಬನ್ನಿ ತಗೊಂಡು ಬಂಗಾರದಂಗಿರೋಣ.'

ಆ ಸೀಮೆಯಲ್ಲಿ ದಸರೆಯ ಸಂಜೆ ಮನೆ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಎಲ್ಲರೂ ಆಡುವ ಮಾತು ಅದೇ. ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಡಿದವರೂ ಅವತ್ತು ಬನ್ನಿ ಕೊಟ್ಟು ಜಗಳ ಮರೆಯುತ್ತಾರೆ.

ನೂರೋ ನೂರಾ ಹತ್ತೋ ಕಾರ್ಡು ಒತ್ತಿದ್ದ. ಯಾಕೋ ಕೈ ನಿಂತಿತು. ಎದ್ದು ಅಜ್ಜನ ಹತ್ತಿರ ಹೋದ.

"ಅಜ್ಜಾರೇ, ಈ ಕಾರ್ಡು ಇವತ್ತು ನನಗೇ ಹೇಳಿದಂಗಾಯ್ತು."

"ಏಳು ವರ್ಷದಿಂದ ಹೇಳ್ತಾನೇ ಇತ್ತು. ನಿನ್ನ ಕಿವಿಗೆ ಇವತ್ತು ಬಿತ್ತು."

"ನಾನೂ ಒಂದು ಅಚ್ಚು ಕೆತ್ತಲಾ?"

"ಏನು ಕೆತ್ತುತ್ತೀ?"

"ಕೈ. ಬನ್ನಿ ಕೊಡೋ ಕೈ. ಅಕ್ಕನಿಗೆ ಕಳಿಸ್ತೀನಿ."

ಅಜ್ಜ ಒಳಗೆ ಹೋಗಿ ಅಂಗೈ ಅಗಲದ ಒಂದು ಹಾಲೆಮರದ ತುಂಡು ತಂದರು. ನುಣುಪಾಗಿ ಉಜ್ಜಿದ ಬಿಳಿ ಮರ. ಜೊತೆಗೆ ಉಳಿ ಕೊಟ್ಟರು.

"ಇದುವರೆಗೂ ನೀನು ಕೈ ಕೆತ್ತಿಲ್ಲ. ನಿನ್ನ ಎಡಗೈ ಮುಂದೆ ಚಾಚಿಟ್ಟುಕೊಂಡು, ಅದನ್ನ ನೋಡಿ ಕೆತ್ತು," ಅಂದರು.

ಕೊಟ್ರೇಶಿ ತಲೆಯಾಡಿಸಿದ. ಆದರೆ ಮನಸ್ಸು ಒಪ್ಪಲಿಲ್ಲ.

ಬನ್ನಿ ಕೊಡುವುದಕ್ಕೆ ಎಡಗೈಯೇ? ಥೂ! ಅದೂ ಅಕ್ಕನಿಗೆ? ಎಡಗೈಯಿಂದಲೇ ತಾನೇ ಇಷ್ಟೆಲ್ಲ ಆದದ್ದು. ಅಜ್ಜಾರಿಗೆ ವಯಸ್ಸಾಯ್ತು, ಬಲ ಅನ್ನೋ ಬದಲು ಎಡ ಅಂತ ಬಾಯಿ ತಪ್ಪಿರಬೇಕು.

ಯಾಕೆ ಹಾಗಂದಿರಿ ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ.

ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬಲಗೈ ಚಾಚಿ ನೋಡಿದ. ನೋಡುವುದು, ಮರದ ಮೇಲೆ ಬರೆಯುವುದು. ಮತ್ತೆ ಕೈ ಚಾಚಿ ನೋಡುವುದು, ಮತ್ತೆ ಬರೆಯುವುದು. ಆಮೇಲೆ ಉಳಿ ಹಿಡಿದ. ನಾಲ್ಕು ದಿನ ಕೆತ್ತಿದ. ಅಂಗೈಯ ಗೆರೆ, ಬೆರಳಿನ ಗೆಣ್ಣು, ಹೆಬ್ಬೆರಳ ಕೆಳಗಿನ ಉಬ್ಬು, ಎಲ್ಲಾ ಬಂತು. ಕೆಳಗೆ ಮಾತಿನ ಸಾಲು. ಅಕ್ಷರಗಳನ್ನು ಮಾತ್ರ ರೂಢಿಯ ಪ್ರಕಾರ ತಿರುಗುಮುರುಗಾಗಿಯೇ ಕೆತ್ತಿದ.

ಕಾವಿ ಬಣ್ಣ ಹಚ್ಚಿ ಮೊದಲ ಕಾರ್ಡು ಒತ್ತಿದ. ಕಾಗದದ ಮೇಲೆ ಒಂದು ಕೈ ಎದ್ದು ಬಂದು ಬನ್ನಿ ಕೊಡುತ್ತಿತ್ತು. ಕೊಟ್ರೇಶಿಗೆ ಕಣ್ಣು ತುಂಬಿತು. ತುಂಬಿದ ಕಣ್ಣಿಗೆ ಎಡ ಬಲ ಎಲ್ಲಿ ಕಾಣುತ್ತೆ?

ಕಾರ್ಡನ್ನು ಅಜ್ಜನಿಗೆ ತೋರಿಸಿದ. ಅಜ್ಜ ಬಹಳ ಹೊತ್ತು ನೋಡಿದರು.

"ಯಾರ ಕೈಯಪ್ಪಾ ಇದು?"

"ನನ್ನದೇ ಅಜ್ಜಾರೇ."

"ನಿನ್ನದೇನಾ? ಸರಿಯಾಗಿ ನೋಡಿ ಹೇಳು."

"ನಾಲ್ಕು ದಿನ ನೋಡಿ ನೋಡಿ ಕೆತ್ತೀನಿ. ಇನ್ನೇನು ನೋಡಲಿ?"

"ಹೂಂ," ಅಂದರು ಅಜ್ಜ.

ಆ ಹೂಂ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಕೊಟ್ರೇಶಿಗಿರಲಿಲ್ಲ. ಅಕ್ಕನ ವಿಳಾಸ ಬರೆದು, ಮೂಲೆಯಲ್ಲಿ ತನ್ನ ಹೆಸರು, ಆಶ್ರಮದ ವಿಳಾಸ ಹಾಕಿ, ಅಂಚೆ ಡಬ್ಬಿಗೆ ಹಾಕಿ ಬಂದ. ಬರುವಾಗ ದಾರಿಯಲ್ಲಿ ಒಬ್ಬನೇ ನಗುತ್ತಿದ್ದ.

ಮರುದಿನ ಅದೇ ಅಚ್ಚಿನಿಂದ ಹತ್ತು ಕಾರ್ಡು ಒತ್ತಿ ಮಾರಾಟದ ಕಟ್ಟೆಯ ಮೇಲಿಟ್ಟ. ಕಾರ್ಡು ಕೊಳ್ಳಲು ಬಂದ ಒಬ್ಬ ಹೆಂಗಸು ಒಂದನ್ನು ಎತ್ತಿಕೊಂಡಳು. ನೋಡಿದಳು. ತನ್ನ ಎರಡೂ ಕೈ ಚಾಚಿ ಹೋಲಿಸಿ ನೋಡಿದಳು.

"ಏನಣ್ಣಾ ಇದು? ಎಡಗೈಲಿ ಬನ್ನಿ ಕೊಡ್ತಾರೇನು?"

"ಎಡಗೈ ಎಲ್ಲಿ ತಾಯಿ? ಬಲಗೈ ಅದು."

"ನನಗೇನು ಕಣ್ಣಿಲ್ವಾ? ಹೆಬ್ಬೆರಳು ಎಲ್ಲೈತೆ ನೋಡು. ಹಬ್ಬದ ದಿನ ಇಂಥದ್ದು ಮನೆಗೆ ಬಂದ್ರೆ ಯಾರಾದ್ರೂ ಬಡಿಗೆ ತಗೊಂಡು ಬರ್ತಾರೆ, ಅಷ್ಟೇ!"

ಅವಳು ನಗುತ್ತಾ ಕಾರ್ಡು ಕೆಳಗಿಟ್ಟಳು.

ಕೊಟ್ರೇಶಿ ತನ್ನ ಕೈ ಚಾಚಿದ. ಕಾರ್ಡು ನೋಡಿದ. ಹೆಬ್ಬೆರಳು ಎದುರು ಬದಿಗಿತ್ತು.

ಮರದ ಮೇಲಿನ ಬಲ ಕಾಗದದ ಮೇಲೆ ಎಡವಾಗಿ ಬೀಳುತ್ತದೆ. ಅಕ್ಷರ ಕೆತ್ತುವಾಗ ಅದು ನೆನಪಿತ್ತು, ಕೈ ಕೆತ್ತುವಾಗ ಮರೆತಿತ್ತು. ಎಡಗೈ ನೋಡಿ ಕೆತ್ತು ಅಂತ ಅಜ್ಜ ಹೇಳಿದ್ದು ಅದಕ್ಕೇ.

ಅಂಚೆ ಕಚೇರಿ ಎರಡು ಮೈಲಿ. ಚಪ್ಪಲಿಯನ್ನೂ ಮೆಟ್ಟದೆ ಓಡಿದ.

"ಟಪಾಲು ಬೆಳಿಗ್ಗೇನೇ ಹೋಯ್ತಲ್ಲಪ್ಪಾ," ಅಂದರು ಅಂಚೆಯವರು. "ಇಷ್ಟೊತ್ತಿಗೆ ಬಸ್ಸು ಎಲ್ಲಿ ಸೇರಿದೆಯೋ."

ಎಡಗೈಯಲ್ಲಿ ಬಡಿಸಿದಳು ಅಂತ ಎಲೆ ಬಿಟ್ಟು ಎದ್ದು ಬಂದ ತಮ್ಮ. ಎಂಟು ವರ್ಷ ಸುದ್ದಿಯಿಲ್ಲ. ಈಗ ಎಡಗೈಯಲ್ಲಿ ಬನ್ನಿ ಕೊಡುವ ಕಾರ್ಡು ಕಳಿಸಿದ್ದಾನೆ. ಅಕ್ಕ ಏನು ತಿಳಿಯುತ್ತಾಳೆ? ಸೇಡು ತೀರಿಸಿಕೊಂಡ ಅಂತಲೇ ತಿಳಿಯುತ್ತಾಳೆ. ಇನ್ನು ಈ ಜನ್ಮದಲ್ಲಿ ಅವಳು ಬಾಗಿಲು ತೆರೆಯುವುದಿಲ್ಲ.

ಆಶ್ರಮಕ್ಕೆ ಬಂದವನೇ ಅಚ್ಚನ್ನು ಎತ್ತಿ ಒಲೆಗೆ ಹಾಕಿದ. ಅದರ ಮೇಲೆ ಹತ್ತೂ ಕಾರ್ಡು ಹಾಕಿದ. ಒಲೆಯ ಮುಂದೆ ಕಾಗದದ ಬಟ್ಟೆ ಬೇಯಿಸುತ್ತ ಕೂತಿದ್ದ ಅಜ್ಜ ನೋಡಿದರು.

"ನಿಮಗೆ ಗೊತ್ತಾಗಿತ್ತು ಅಲ್ವಾ ಅಜ್ಜಾರೇ? ಯಾಕೆ ತಡೀಲಿಲ್ಲ?"

"ಯಾರ ಕೈ ಅಂತ ಎರಡು ಸಲ ಕೇಳಿದೆ."

"ಎಡಗೈ ಆಗಿದೆ ಕಣೋ ಅಂತ ಬಾಯಿಬಿಟ್ಟು ಹೇಳಬಹುದಿತ್ತು!"

"ಎಡಗೈ ನೋಡಿ ಕೆತ್ತು ಅಂತ ಬಾಯಿಬಿಟ್ಟೇ ಹೇಳಿದ್ದೆ."

ಕೊಟ್ರೇಶಿ ಅಲ್ಲೇ ಕೂತ.

"ನೀನೇ ನೋಡ್ಕೋತೀಯ ಅಂದುಕೊಂಡೆ," ಅಂದರು ಅಜ್ಜ. "ಅದು ನನ್ನ ತಪ್ಪು."

ತಪ್ಪಾಯ್ತು ಅಂತ ಕೊಟ್ರೇಶಿ ಅಕ್ಕನಿಗೆ ಪತ್ರ ಬರೆಯಲು ಕೂತ. ಒಂದು ಸಾಲು ಬರೆದ, ಹರಿದ. ಇನ್ನೊಂದು ಬರೆದ, ಅದನ್ನೂ ಹರಿದ. ಅಚ್ಚು ತಿರುಗುಮುರುಗು ಬೀಳುತ್ತೆ ಅಂತ ಬರೆದರೆ ಯಾವ ಅಕ್ಕ ನಂಬುತ್ತಾಳೆ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಂಗೆ ಆಗುತ್ತೆ.

ದಸರೆ ಬಂತು. ಆಶ್ರಮದಲ್ಲಿ ಒಬ್ಬರಿಗೊಬ್ಬರು ಬನ್ನಿ ಕೊಟ್ಟರು. ಕೊಟ್ರೇಶಿ ಕೊಟ್ಟವರಿಂದ ತಗೊಂಡ, ತಾನು ಯಾರಿಗೂ ಕೊಡಲಿಲ್ಲ.

ದಸರೆ ಕಳೆದು ಆರನೇ ದಿನ ಒಂದು ಪತ್ರ ಬಂತು. ಅಕ್ಷರ ಸೊಟ್ಟಸೊಟ್ಟ. ಒಂದು ದೊಡ್ಡದು, ಒಂದು ಚಿಕ್ಕದು. ಯಾರೋ ಒಂದನೇ ಕ್ಲಾಸಿನ ಮಗು ಬರೆದ ಹಾಗಿತ್ತು.

'ತಮ್ಮ ಕೊಟ್ರೇಶಿಗೆ ಅಕ್ಕ ಸರ್ವಕ್ಕ ಮಾಡುವ ಆಶೀರ್ವಾದ. ನಿನ್ನ ಕಾರ್ಡು ಬಂತು. ನೋಡಿ ಬಹಳ ಅತ್ತೆ. ನನ್ನ ಬಲಗೈ ಬೆರಳು ಅಂಟಿಕೊಂಡು ಹೋದದ್ದನ್ನ ನಿನಗೆ ಯಾರು ಹೇಳಿದರೋ. ಎಂಟು ವರ್ಷದಿಂದ ಎಲ್ಲಾ ಕೆಲಸ ಎಡಗೈಲೇ. ಈ ಪತ್ರಾನೂ ಎಡಗೈಲೇ ಬರೆದದ್ದು, ನಗಬೇಡ. ಎಡಗೈ ಅಂತ ನನ್ನಿಂದ ಯಾರೂ ಬನ್ನಿ ತಗೊಳ್ತಿರಲಿಲ್ಲ. ನೀನು ಆ ಕೈಯನ್ನೇ ಚಿತ್ರ ಮಾಡಿ ಕಳಿಸಿದೆ. ಇಷ್ಟು ತಿಳಿದವನು ಬರೋದಕ್ಕೆ ಯಾಕೆ ಇಷ್ಟು ದಿನ ಮಾಡಿದೆ? ಬಾ. ಹೋಳಿಗೆ ಮಾಡ್ತೀನಿ. ಎಡಗೈಲಿ ಬಡಿಸಿದ್ರೆ ಈಗ ಉಣ್ತೀಯಲ್ಲ?'

ಪತ್ರ ಹಿಡಿದುಕೊಂಡು ಅಜ್ಜನ ಹತ್ತಿರ ಹೋದ.

ಅಜ್ಜ ಓದಿದರು. ಮಡಚಿ ಕೊಟ್ಟರು.

"ಅಕ್ಕ ಕರೀತಿದ್ದಾಳೆ. ಹೋಗು. ಇನ್ನೇನು?"

"ಏನಂತ ಹೋಗಲಿ ಅಜ್ಜಾರೇ? ಅವಳ ಕೈ ಹಂಗಾಗಿದೆ ಅಂತಾನೇ ನನಗೆ ಗೊತ್ತಿರಲಿಲ್ಲ. ಎಂಟು ವರ್ಷದಲ್ಲಿ ಒಂದು ಸಲ ವಿಚಾರಿಸಲಿಲ್ಲ. ನಾನು ಕೆತ್ತಿದ್ದು ನನ್ನ ಕೈ. ಅವಳು ತನ್ನ ಕೈ ಅಂದುಕೊಂಡಿದ್ದಾಳೆ."

"ಅಂದುಕೊಳ್ಳಲಿ."

"ಮಾಡದೇ ಇರೋ ಪುಣ್ಯಕ್ಕೆ ಹೋಳಿಗೆ ಉಣ್ಣಲಾ? ನಿಜ ಹೇಳಬೇಕು ನಾನು."

"ಯಾರಿಗೋಸ್ಕರ ಹೇಳ್ತೀ?"

"ನಿಜಕ್ಕೋಸ್ಕರ."

"ನಿಜಕ್ಕೆ ಹೊಟ್ಟೆ ಹಸಿಯಲ್ಲ ಕಣೋ. ನಿಮ್ಮಕ್ಕ ಅಡುಗೆ ಮಾಡಿಟ್ಟುಕೊಂಡು ಕಾಯ್ತಿರ್ತಾಳೆ. ಮೊದಲು ಹೋಗಿ ಉಣ್ಣು."

ಕೊಟ್ರೇಶಿ ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿದ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ಅವನು ಕಾಲಿಗೆ ಬಿದ್ದ. ಅವಳು ಎಡಗೈಯಿಂದ ಅವನ ತೋಳು ಹಿಡಿದು ಎತ್ತಿದಳು.

"ಎಷ್ಟು ಸೊರಗಿದ್ದೀಯೋ! ಆಶ್ರಮದಲ್ಲಿ ಗಾಳಿ ತಿಂದ್ಕೊಂಡಿದ್ಯಾ?"

ಅವನ ಕಣ್ಣು ಅವಳ ಬಲಗೈ ಮೇಲೆ ಬಿತ್ತು. ನಾಲ್ಕೂ ಬೆರಳು ಒಂದಕ್ಕೊಂದು ಅಂಟಿ, ಒಳಕ್ಕೆ ಮಡಚಿಕೊಂಡಿದ್ದವು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

"ನೋಡೋ, ನೋಡು. ನೀನೇ ನೋಡದೆ ಇನ್ಯಾರು ನೋಡ್ಬೇಕು? ಮೊದಮೊದಲು ಬಹಳ ಉರೀತಿತ್ತು. ಈಗೇನಿಲ್ಲ."

ದೇವರ ಜಗಲಿಯ ಮೇಲೆ ಅವನ ಕಾರ್ಡಿತ್ತು. ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ್ದಳು.

"ಈ ಸಲ ಬನ್ನಿ ದಿನ ಏನು ಮಾಡಿದೆ ಗೊತ್ತಾ?" ಅಂದಳು ಎಲೆ ಹಾಕುತ್ತ. "ಆ ಕಾರ್ಡು ಹಿಡ್ಕೊಂಡು ಓಣಿ ತುಂಬ ತಿರುಗಿದೆ! ನೋಡ್ರೇ, ನನ್ನ ತಮ್ಮ ಆಶ್ರಮದಾಗೆ ಇರೋನು, ತಿಳಿದೋನು, ಅವನೇ ಎಡಗೈಗೆ ಬನ್ನಿ ಕೊಟ್ಟಾನೆ, ನಿಮಗೇನ್ರೇ ಧಾಡಿ ಅಂದೆ. ಐದು ಮನೆಯವರು ನನ್ನ ಕೈಯಿಂದ ಬನ್ನಿ ತಗೊಂಡರು ಕಣೋ. ಎಂಟು ವರ್ಷದ ಮೇಲೆ ತಗೊಂಡರು."

ಅವಳ ಮುಖ ಅರಳಿತ್ತು. ಎಡಗೈಯಿಂದ ಹೋಳಿಗೆ ಹಾಕಿದಳು. ಎಡಗೈಯಿಂದಲೇ ತುಪ್ಪ ಹಾಕಿದಳು. ಹಾಕಿ ಅವನ ಮುಖ ನೋಡಿದಳು.

ಕೊಟ್ರೇಶಿ ಒಂದು ತುತ್ತು ತಿಂದ. ಇನ್ನೊಂದು ತುತ್ತು ತಿಂದ. ಮೂರನೆಯದನ್ನು ಮುರಿದು ಎಲೆಯಲ್ಲೇ ಇಟ್ಟ.

"ಅಕ್ಕಾ, ಒಂದು ಮಾತು."

"ಉಂಡು ಹೇಳು."

"ಇಲ್ಲ, ಈಗಲೇ ಹೇಳ್ತೀನಿ. ಆ ಕಾರ್ಡು ನಾನು ಬೇಕಂತ ಮಾಡಿದ್ದಲ್ಲ. ಬಲಗೈ ಕೆತ್ತಿದ್ದೆ. ಅಚ್ಚಲ್ಲಿ ತಿರುಗಿ ಎಡಗೈ ಬಿತ್ತು. ನಿನ್ನ ಕೈ ಹಿಂಗಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ತಪ್ಪಾಗಿದೆ ಅಂತ ಗೊತ್ತಾದ ಮೇಲೆ ಆ ಅಚ್ಚನ್ನ ಒಲೆಗೆ ಹಾಕಿದೆ."

ಒಂದೇ ಉಸಿರಿಗೆ ಹೇಳಿದ. ಹೇಳಿ ದೊಡ್ಡ ಉಸಿರು ಬಿಟ್ಟ. ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು.

ಅಕ್ಕ ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು.

"ಹಂಗಾ," ಅಂದಳು.

ಆಮೇಲೆ ಅನ್ನದ ಪಾತ್ರೆ ಹತ್ತಿರ ಎಳೆದುಕೊಂಡಳು. ಸೌಟನ್ನು ಎಡಗೈಯಿಂದ ತೆಗೆದು ಬಲಗೈಯ ಮಡಚಿದ ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಎತ್ತಿದಳು. ಸೌಟು ಎಲೆಯ ತನಕ ಬಂತು. ಅಲ್ಲಿ ತಿರುಗಿ ಬಿದ್ದು ಅನ್ನ ನೆಲದ ತುಂಬ ಚೆಲ್ಲಿತು.

"ಅಕ್ಕಾ, ಬೇಡ. ಎಡಗೈಲೇ ಹಾಕು."

"ಇರ್ಲಿ ಬಿಡು. ರೂಢಿ ತಪ್ಪೋಗಿದೆ, ಅಷ್ಟೇ."

ಅವಳು ಬಗ್ಗಿ ಒಂದೊಂದೇ ಅಗುಳು ಹೆಕ್ಕಿ ತೆಗೆದಳು. ಮತ್ತೆ ಸೌಟು ಹಿಡಿಯಲಿಲ್ಲ. ಪಾತ್ರೆಯನ್ನೇ ಅವನ ಎದುರಿಗೆ ಸರಿಸಿ, "ಬೇಕಾದಷ್ಟು ಹಾಕ್ಕೊಂಡು ಉಣ್ಣು," ಅಂದಳು.

ಅವನು ಉಂಡ. ಏನು ಉಂಡನೋ ಅವನಿಗೆ ಗೊತ್ತಾಗಲಿಲ್ಲ. ಕೈ ತೊಳೆದು ಬಂದಾಗ ಜಗಲಿಯ ಮೇಲೆ ಕಾರ್ಡಿರಲಿಲ್ಲ.

ಹೊರಡುವಾಗ ಅಕ್ಕ ಬಾಗಿಲ ತನಕ ಬಂದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಹುಷಾರಾಗಿ ಹೋಗು. ಅಜ್ಜಾರಿಗೆ ಶರಣಾರ್ಥಿ ಹೇಳು," ಅಂದಳು. ಮತ್ತೆ ಯಾವಾಗ ಬರ್ತೀಯ ಅಂತ ಕೇಳಲಿಲ್ಲ.

ಕೊಟ್ರೇಶಿ ಆಶ್ರಮಕ್ಕೆ ಬಂದಾಗ ಅಜ್ಜ ಹೊಳೆದಂಡೆಯಲ್ಲಿ ಒಣಗಿದ ಕಾಗದ ಎತ್ತಿಡುತ್ತಿದ್ದರು.

"ಉಂಡೆಯಾ?"

"ಉಂಡೆ."

"ಹೇಳಿದೆಯಾ?"

"ಹೇಳಿದೆ."

"ಹಗುರಾಯ್ತಾ?"

"ಹೇಳಿದ ಗಳಿಗೇಲಿ ಹಗುರಾಯ್ತು ಅಜ್ಜಾರೇ. ಆಮೇಲೆ ನೋಡಿದ್ರೆ ಅವಳು ಆ ಭಾರ ಹೊತ್ಕೊಂಡು ನಿಂತಿದ್ದಳು."

ಅಜ್ಜ ಕಾಗದ ಎತ್ತಿಡುವುದನ್ನು ನಿಲ್ಲಿಸಿದರು.

ಕೊಟ್ರೇಶಿ ನಡೆದದ್ದನ್ನೆಲ್ಲ ಹೇಳಿದ. ಐದು ಮನೆಯ ಬನ್ನಿ, ಸೌಟು, ನೆಲಕ್ಕೆ ಬಿದ್ದ ಅನ್ನ, ಬರಿದಾದ ಜಗಲಿ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ.

"ಮೊದಲನೇ ಸಲ ಅವಳು ನೋವು ನುಂಗಿ ಬಡಿಸಿದಳು, ಎಲೆ ಬಿಟ್ಟು ಎದ್ದೆ. ಈ ಸಲ ಖುಷಿಯಿಂದ ಬಡಿಸಿದಳು, ಆ ಖುಷಿ ಕಿತ್ಕೊಂಡು ಎದ್ದೆ. ಎರಡು ಸಲಾನೂ ನನ್ನ ಎಲೆ ಮುಂದೇನೇ ಅವಳಿಗೆ ಹಿಂಗಾಯ್ತು."

ಕೊಟ್ರೇಶಿ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ.

"ನಿಜ ಹೇಳಿದ್ದು ತಪ್ಪಾ ಅಜ್ಜಾರೇ?"

"ತಪ್ಪು ಅಂತ ನಾನೆಲ್ಲಿ ಅಂದೆ?"

"ಮತ್ತೆ ಯಾಕೆ ಹಿಂಗಾಯ್ತು?"

"ಕಾರ್ಡು ತಪ್ಪಿ ಬಿತ್ತು ಅಂದೆ. ಅದು ನಿಜ. ಆ ಕೈ ನೋಡಿದಾಗ ನಿನಗೇನನಿಸ್ತು, ಅದನ್ನ ಹೇಳಿದೆಯಾ?"

ಕೊಟ್ರೇಶಿ ಇಲ್ಲ ಅಂತ ತಲೆಯಾಡಿಸಿದ.

"ಏನನಿಸ್ತು?"

"ಆ ಕೈಗೆ ಹಣೆ ಹಚ್ಚಬೇಕು ಅನಿಸ್ತು. ನನ್ನ ತಪ್ಪು ಹೇಳ್ಕೊಳ್ಳೋ ಗಡಿಬಿಡೀಲಿ ಅದು ಬಾಯಿಗೇ ಬರಲಿಲ್ಲ."

ಅಜ್ಜ ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಬಿಳಿ ಮರದ ತುಂಡಿತ್ತು, ಒಂದು ಉಳಿಯಿತ್ತು. ಎರಡನ್ನೂ ಕೊಟ್ರೇಶಿಯ ಮುಂದೆ ಇಟ್ಟರು.

"ಇನ್ನೇನು ಕೆತ್ತಲಿ ಅಜ್ಜಾರೇ? ದಸರೆ ಮುಗೀತು. ಅಚ್ಚು ಸುಟ್ಟೆ. ಆ ಕಾರ್ಡೂ ಸುಳ್ಳಾಯ್ತು."

"ಯಾಕೆ ಸುಳ್ಳಾಯ್ತು?"

"ನಾನು ಬೇಕಂತ ಮಾಡಿದ್ದಲ್ಲವಲ್ಲ ಅದು. ತಪ್ಪಿ ಮಾಡಿದ್ದು."

ಅಜ್ಜ ಉಳಿಯನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಹಂಗಾದ್ರೆ ಅದನ್ನೇ ಈಗ ಬೇಕಂತ ಮಾಡು."